ಪರಭಾಷೆಯ ಅಪಶಬ್ದವು ದೋಷವೇ?

ವ್ಯಾಕರಣವನ್ನು ಮೋಕ್ಷಸಾಧನಗಳ ಸಾಲಿನಲ್ಲಿ ಎಣಿಸಿದ ಜನ ನಾವು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಆರಂಭದಲ್ಲಿಯೇ ವ್ಯಾಕರಣದಿಂದ ಪದವೂ, ಪದದಿಂದ ಅರ್ಥವೂ, ಅರ್ಥದಿಂದ ತತ್ತ್ವದ ದರ್ಶನವೂ, ಆ ದರ್ಶನದಿಂದ ಮುಕ್ತಿಯೂ ದೊರೆಯುವುದೆಂಬ ಸೋಪಾನಕ್ರಮವನ್ನು ಹೇಳಿ, ಸಂಧಿ ಸಮಾಸಗಳನ್ನು ಕಲಿಯಲೆಂದು ಕುಳಿತ ಬಾಲಕನ ಮುಂದೆ ಪುರುಷಾರ್ಥಗಳಲ್ಲಿ ಕಡೆಯದನ್ನೇ ಇಟ್ಟುಬಿಡುತ್ತಾನೆ. ಅವನಿಗಿಂತ ಸುಮಾರು ಒಂದು ಶತಮಾನ ಈಚೆಗೆ, ವಿಜಯನಗರದ ಮೊದಲ ಅರಸರ ಕಾಲದಲ್ಲಿ, ಮಾಧವಾಚಾರ್ಯರದೆಂದು ಪ್ರಸಿದ್ಧವಾದ ಸರ್ವದರ್ಶನಸಂಗ್ರಹವು ಚಾರ್ವಾಕಮತದಿಂದ ಮೊದಲ್ಗೊಂಡು ಒಂದೊಂದೇ ದರ್ಶನವನ್ನು ಪರೀಕ್ಷಿಸುತ್ತ ಬಂದು, ಜೈಮಿನಿಯ ಮೀಮಾಂಸೆಗೂ ಸಾಂಖ್ಯಕ್ಕೂ ನಡುವೆ, ಹದಿಮೂರನೆಯದಾಗಿ, ಪಾಣಿನಿಯ ದರ್ಶನಕ್ಕೆ ಪೀಠವನ್ನು ಹಾಕಿಕೊಡುತ್ತದೆ. ಶಬ್ದವನ್ನು ಶುದ್ಧವಾಗಿ ಬಳಸುವುದು ಬರಿಯ ಶಿಷ್ಟಾಚಾರವಲ್ಲ, ಅದು ಆತ್ಮಸಂಸ್ಕಾರವೆಂಬುದು ಆ ಪರಂಪರೆಯ ದೃಢವಾದ ನಂಬಿಕೆ.

ಆದರೆ ಆ ವ್ಯಾಕರಣವು ಮೊದಲು ಸಂಸ್ಕೃತದ್ದು, ಅನಂತರ ಕನ್ನಡದ್ದು. ಮಲಪನಗುಡಿಯಂಥ ಊರಿನಲ್ಲಿ ಹುಟ್ಟಿ, ಹೊಸಪೇಟೆಯ ಕಾಲೇಜಿನಲ್ಲಿ ಪದವಿಯನ್ನು ಪಡೆದು, ಮೆಲ್ಬರ್ನಿಗೋ ಲೀಡ್ಸಿಗೋ ಹೆಚ್ಚಿನ ವ್ಯಾಸಂಗಕ್ಕೆಂದು ಹೋಗುವ ತರುಣನೊಬ್ಬನು, ತಾನು ಬರೆದ ಮೊದಲನೆಯ ಇಂಗ್ಲಿಷು ಪ್ರಬಂಧದ ಅಂಚಿನ ತುಂಬ ಕೆಂಪು ಗೆರೆಗಳನ್ನು ಕಂಡು ಕುಗ್ಗಿ ಕುಳಿತಿರುವಾಗ, ಕೇಶಿರಾಜನ ಸೋಪಾನವು ಅವನಿಗೆ ಏನನ್ನು ಹೇಳೀತು? ಆ ಗೆರೆಗಳು ತೋರಿಸುವುದು ಅವನ ಅರಿವಿನ ಕೊರತೆಯನ್ನೋ, ಶೀಲದ ಕೊರತೆಯನ್ನೋ, ಇಲ್ಲವೆ ಇವೆರಡನ್ನೂ ಮುಟ್ಟದ, ಊಟದ ಮೇಜಿನ ಮೇಲೆ ಯಾವ ಚಮಚವನ್ನು ಯಾವ ಕೈಯಲ್ಲಿ ಹಿಡಿಯಬೇಕೆಂಬಂಥ ಲೋಕಾಚಾರದ ಕೊರತೆಯನ್ನೋ? ಪ್ರಶ್ನೆಯು ಪಾಠಶಾಲೆಯದಾಗಿ ಕಂಡರೂ ಅದರ ಬೇರು ಧರ್ಮವಿಚಾರದಲ್ಲಿದೆ. ಅದನ್ನು ಭಾಷಾಶಿಕ್ಷಕರಿಗೇ ಬಿಟ್ಟುಕೊಟ್ಟದ್ದರಿಂದ ನಷ್ಟವಾಗಿದೆ ಎಂದು ನನ್ನ ಎಣಿಕೆ.

ಹೊಸಪೇಟೆಯನ್ನು ಬಿಟ್ಟು ಅನಂತಶಯನಗುಡಿಯನ್ನು ದಾಟಿ ಮಲಪನಗುಡಿಯ ಮೇಲೆ ಹಂಪಿಗೆ ಹೋಗುವ ಈ ದಾರಿಯಲ್ಲಿ, 1986ರಲ್ಲಿ ಹಂಪಿಯು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ, ಇಂಗ್ಲಿಷು ಎರಡು ವೇಷಗಳಲ್ಲಿ ಓಡಾಡುತ್ತಿದೆ. ಆಟೋ ನಡೆಸುವವರ, ಗೈಡುಗಳ, ಎಳನೀರು ಮಾರುವವರ ಇಂಗ್ಲಿಷು ಒಂದು. ಕ್ರಿಯಾಪದಕ್ಕೆ ಕಾಲವಿಲ್ಲದೆ, ನಾಮಪದಕ್ಕೆ ವಚನವಿಲ್ಲದೆ ಸಾಗುವ ಆ ಭಾಷೆಯಲ್ಲಿ ವಿಠ್ಠಲನ ಕಲ್ಲಿನ ರಥದ ವರ್ಣನೆಯೂ ನಡೆಯುತ್ತದೆ, ಬಾಡಿಗೆಯ ಚೌಕಾಶಿಯೂ ನಡೆಯುತ್ತದೆ, ಕೆಲವೊಮ್ಮೆ ಗಾಢವಾದ ಸ್ನೇಹವೂ ಕುದುರುತ್ತದೆ. ಇನ್ನೊಂದು, ಅದೇ ಮನೆಗಳ ಮಕ್ಕಳು ಐಇಎಲ್‌ಟಿಎಸ್ ಪರೀಕ್ಷೆಗೆಂದು ಕಲಿಯುವ, ಬಟ್ಟೆಗೆ ಗಂಜಿ ಹಾಕಿದಂತಿರುವ ಇಂಗ್ಲಿಷು. ಮೊದಲನೆಯದರಲ್ಲಿ ತಪ್ಪೇ ತುಂಬಿದ್ದರೂ ಆಡುವವನಿಗೆ ನಾಚಿಕೆಯಿಲ್ಲ. ಎರಡನೆಯದರಲ್ಲಿ ತಪ್ಪು ಕಡಿಮೆ, ನಾಚಿಕೆ ಹೇರಳ. ಒಂದೇ ಊರಿನ ಒಂದೇ ಮನೆಯಲ್ಲಿ ಅಣ್ಣನು ನಿರ್ಭಯನಾಗಿಯೂ ತಮ್ಮನು ಭೀತನಾಗಿಯೂ ಇರುವುದಕ್ಕೆ ಕಾರಣವೇನೆಂಬುದನ್ನು ಹುಡುಕಿದರೆ ಎರಡು ಸಾವಿರ ವರ್ಷಗಳ ಹಿಂದಿನ ಪತಂಜಲಿಯವರೆಗೆ ಹೋಗಬೇಕಾಗುತ್ತದೆ.

ಮಹಾಭಾಷ್ಯದ ಮೊದಲನೆಯ ಆಹ್ನಿಕದಲ್ಲಿ ಪತಂಜಲಿಯು ವ್ಯಾಕರಣವನ್ನು ಏಕೆ ಓದಬೇಕೆಂಬುದನ್ನು ವಿಸ್ತಾರವಾಗಿ ಚರ್ಚಿಸುತ್ತಾನೆ. ಅಲ್ಲಿ ಭಯವನ್ನು ಹುಟ್ಟಿಸುವ ಕಥೆಯೊಂದುಂಟು: ಇಂದ್ರನನ್ನು ಕೊಲ್ಲುವ ಮಗನು ಹುಟ್ಟಲೆಂದು ಹೋಮ ಮಾಡಿದ ತ್ವಷ್ಟೃವಿನ ಮಂತ್ರದಲ್ಲಿ ಸ್ವರವೊಂದು ಸ್ಥಾನ ತಪ್ಪಿದ್ದರಿಂದ ಸಮಾಸದ ಅರ್ಥವು ತಿರುಗುಮುರುಗಾಗಿ, ಹುಟ್ಟಿದ ವೃತ್ರನು ಇಂದ್ರನಿಂದಲೇ ಹತನಾದನು. ನಮ್ಮ ಪಾಠಶಾಲೆಗಳಿಗೆ ಪ್ರಿಯವಾದದ್ದು ಈ ಕಥೆ. ಒಂದು ಸ್ವರದಿಂದ ಸರ್ವನಾಶ ಎಂಬ ಬೆದರಿಕೆಯಲ್ಲಿ ಬೆತ್ತದ ಕೆಲಸ ಅರ್ಧ ನಡೆದುಹೋಗುತ್ತದೆ. ಆದರೆ ಅದೇ ಆಹ್ನಿಕದಲ್ಲಿ, ಕೆಲವೇ ಪುಟಗಳ ಆಚೆಗೆ, ಯರ್ವಾಣತರ್ವಾಣರೆಂಬ ಋಷಿಗಳ ಕಥೆಯೂ ಉಂಟು. ಅದನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಧರ್ಮವನ್ನು ಸಾಕ್ಷಾತ್ತಾಗಿ ಕಂಡಿದ್ದ ಆ ಮಹನೀಯರು ಮನೆಮಾತಿನಲ್ಲಿ ಶಬ್ದಗಳನ್ನು ನುಂಗಿ, ಮುರಿದು, ಅಡ್ಡಾದಿಡ್ಡಿಯಾಗಿ ಆಡುತ್ತಿದ್ದರು, ಆ ಮುರುಕು ಮಾತೇ ಅವರಿಗೆ ಹೆಸರೂ ಆಯಿತು. ಆದರೆ ಯಜ್ಞಕರ್ಮಕ್ಕೆ ಕುಳಿತಾಗ ಮಾತ್ರ ಅವರ ಬಾಯಿಯಿಂದ ಅಪಶಬ್ದವು ಹೊರಡುತ್ತಿರಲಿಲ್ಲ. ಅವರಿಗೆ ದೋಷವು ತಟ್ಟಲಿಲ್ಲವೆಂದು ಪತಂಜಲಿಯ ತೀರ್ಪು. ಹಂಪಿಯ ಗೈಡಿನ ಇಂಗ್ಲಿಷಿಗೆ ಇದಕ್ಕಿಂತ ಪ್ರಾಚೀನವಾದ, ಇದಕ್ಕಿಂತ ಪ್ರಬಲವಾದ ಸಮರ್ಥನೆ ಬೇಕಿಲ್ಲ. ಮಾತಿಗೆ ಸ್ಥಾನಗಳುಂಟು; ಒಂದು ಸ್ಥಾನದ ನಿಯಮವನ್ನು ಇನ್ನೊಂದರ ಮೇಲೆ ಹೇರತಕ್ಕುದಲ್ಲ. ವಿಶ್ವವಿದ್ಯಾನಿಲಯದ ಪ್ರಬಂಧವು ಯಜ್ಞಶಾಲೆಯ ಬಗೆಯದು, ಅದರ ಹೊರಗಿನ ಸಂಭಾಷಣೆಯು ಅಂಗಳದ ಬಗೆಯದು ಎಂದು ನಮ್ಮ ತರುಣನಿಗೆ ಮೊದಲೇ ಯಾರಾದರೂ ಹೇಳಿದ್ದರೆ ಅವನು ಅಂಗಳದಲ್ಲಿಯೂ ಬಾಯಿ ಕಟ್ಟಿಕೊಂಡು ಕೂರುತ್ತಿರಲಿಲ್ಲ.

ಅದೇ ಪತಂಜಲಿಯು ಇನ್ನೊಂದು ಮಾತನ್ನು ಒಪ್ಪಿಕೊಳ್ಳುತ್ತಾನೆ, ಅದು ವೈಯಾಕರಣನ ಬಾಯಲ್ಲಿ ಸಾಮಾನ್ಯವಾದ ಮಾತಲ್ಲ: ಅರ್ಥವು ತಿಳಿಯುವ ಮಟ್ಟಿಗೆ ಸಾಧುಶಬ್ದಕ್ಕೂ ಅಪಶಬ್ದಕ್ಕೂ ಭೇದವಿಲ್ಲ, ಭೇದವಿರುವುದು ಧರ್ಮದಲ್ಲಿ ಎಂದು. ಹೊಟ್ಟೆಯ ಹಸಿವು ಯಾವುದನ್ನು ತಿಂದರೂ ಅಡಗುವಂತೆ, ತಿಳಿಸಬೇಕೆಂಬ ಹಂಬಲವು ಯಾವ ಶಬ್ದದಿಂದಲಾದರೂ ಈಡೇರಬಹುದು. ಆದರೂ ಇದನ್ನು ತಿನ್ನು, ಇದನ್ನು ಬಿಡು ಎಂಬ ನಿಯಮವುಂಟಷ್ಟೆ. ಮುಂದೆ ಈ ಎಳೆಯನ್ನೇ ಹಿಡಿದು ನೈಯಾಯಿಕರೂ ವೈಯಾಕರಣರೂ ಶತಮಾನಗಳ ಕಾಲ ಜಗಳವಾಡಿದರು. ಹಳ್ಳಿಗನು ಗೋಶಬ್ದವನ್ನು ಕೆಡಿಸಿ ಗಾವಿಯೆಂದರೆ ಕೇಳುವವನಿಗೆ ಹಸುವಿನ ಬೋಧೆಯಾಗುವುದು ಹೇಗೆ? ಅರ್ಥವನ್ನು ತಿಳಿಸುವ ಶಕ್ತಿಯು ಸಾಧುಶಬ್ದಕ್ಕೆ ಮಾತ್ರವುಂಟು, ಕೆಟ್ಟ ಶಬ್ದವು ಒಳ್ಳೆಯದನ್ನು ನೆನಪಿಗೆ ತಂದೋ, ಶಕ್ತಿಯುಂಟೆಂಬ ಭ್ರಮೆಯನ್ನು ಹುಟ್ಟಿಸಿಯೋ ಅರ್ಥವನ್ನು ಕೊಡುತ್ತದೆ ಎಂದು ನೈಯಾಯಿಕರು. ಸಂಸ್ಕೃತವನ್ನೇ ಅರಿಯದ ಜನರು ತಮ್ಮತಮ್ಮಲ್ಲಿ ಆಡಿಕೊಂಡು ಬದುಕುತ್ತಿರುವಾಗ, ಅವರು ತಿಳಿಯದ ಶಬ್ದವನ್ನು ನೆನಪಿಸಿಕೊಳ್ಳುವುದೆಂತು, ಆದಕಾರಣ ಆಡುಮಾತಿಗೂ ಸ್ವಂತವಾದ ಶಕ್ತಿಯುಂಟೆಂದು ಒಪ್ಪಲೇಬೇಕು ಎಂದು ವೈಯಾಕರಣರು. ಈ ಎರಡನೆಯ ಪಕ್ಷವನ್ನು ಬೆಳೆಸಿದ ಕೌಂಡಭಟ್ಟನು ಭಟ್ಟೋಜಿ ದೀಕ್ಷಿತನ ತಮ್ಮನ ಮಗ. ಆ ಭಟ್ಟೋಜಿಯು ತತ್ತ್ವಕೌಸ್ತುಭವನ್ನು ಬರೆದದ್ದು ನಮ್ಮ ಕೆಳದಿಯ ವೆಂಕಟಪ್ಪನಾಯಕನ ಆಣತಿಯಂತೆ. ಶುದ್ಧಿಯನ್ನು ಕಾಯಬೇಕಾದ ವೈಯಾಕರಣನೇ ಜನರ ಮಾತಿನ ಪರವಾಗಿ ನಿಂತದ್ದು ಈ ವಾದದ ಸೊಗಸು.

ಇದನ್ನು ಇಂದಿನ ಸಂದರ್ಭಕ್ಕೆ ಇಳಿಸಿ ನೋಡಿದರೆ, ಪರದೇಶದ ಅಧ್ಯಾಪಕನು ನಮ್ಮ ಹುಡುಗನ ಪ್ರಬಂಧವನ್ನು ಓದುವುದು ನೈಯಾಯಿಕನಂತೆಯೇ ಸರಿ: ಪ್ರತಿಯೊಂದು ವಾಕ್ಯವನ್ನೂ ಮನಸ್ಸಿನಲ್ಲಿ ತಿದ್ದಿಕೊಂಡು, ತಿದ್ದಿದ ವಾಕ್ಯದಿಂದ ಅರ್ಥವನ್ನು ಪಡೆಯುತ್ತಾನೆ. ಅವನಿಗೆ ಅರ್ಥವಾಗುತ್ತದೆ, ನಿಜ. ಆದರೆ ಆ ತಿದ್ದುಪಡಿಯ ಶ್ರಮವು ಅವನದು, ಮತ್ತು ತಿದ್ದಿಕೊಳ್ಳುವಾಗ ಅವನು ತಿದ್ದಿದ್ದು ಬರೆದವನ ಅಭಿಪ್ರಾಯವೇ ಆಗಿರುತ್ತದೆಂಬುದಕ್ಕೆ ಪ್ರಮಾಣವಿಲ್ಲ. ಸ್ಥೂಲವಾದ ಚುಕ್ಕೆಗಳುಳ್ಳ ಹಸುವೋ, ಚುಕ್ಕೆಗಳುಳ್ಳ ಸ್ಥೂಲವಾದ ಹಸುವೋ ಎಂಬ ಸಂದೇಹವನ್ನು ಸ್ವರದ ಜ್ಞಾನವುಳ್ಳವನು ಮಾತ್ರ ಪರಿಹರಿಸಬಲ್ಲನೆಂದು ಪತಂಜಲಿಯು ಕೊಟ್ಟ ಉದಾಹರಣೆಯು ಇಂಗ್ಲಿಷಿನ ಅಲ್ಪವಿರಾಮಚಿಹ್ನೆಗೆ ಅಕ್ಷರಶಃ ಒಪ್ಪುತ್ತದೆ. ಆದ್ದರಿಂದ ಪರಭಾಷೆಯ ವ್ಯಾಕರಣದಲ್ಲಿ ಧರ್ಮವೆಂಬುದು ಏನಾದರೂ ಇದ್ದರೆ ಅದು ಪುಣ್ಯಾರ್ಜನೆಯಲ್ಲಿಲ್ಲ. ಓದುವವನ ಮೇಲೆ ನಮ್ಮ ಭಾರವನ್ನು ಹೊರಿಸದಿರುವುದರಲ್ಲಿ ಒಂದಂಶವಿದೆ, ನಾವು ಹೇಳದ ಮಾತು ನಮ್ಮ ಹೆಸರಿನಲ್ಲಿ ನಿಲ್ಲದಂತೆ ನೋಡಿಕೊಳ್ಳುವುದರಲ್ಲಿ ಇನ್ನೊಂದಂಶವಿದೆ. ಈ ಎರಡನೆಯದೇ ನನಗೆ ಮುಖ್ಯವಾಗಿ ತೋರುವುದು.

ಕನ್ನಡಿಗನನ್ನು ಇಂಗ್ಲಿಷು ಎಡವಿಸುವ ಸ್ಥಳಗಳು ಹಲವುಂಟು. ಕ್ರಿಯಾಪದವನ್ನು ಕಡೆಗೆ ಇಡುವ ನಮ್ಮ ಅಭ್ಯಾಸ, ವಿಭಕ್ತಿಪ್ರತ್ಯಯದ ಕೆಲಸವನ್ನು ನಾಮಪದದ ಮುಂಚೆ ಬರುವ ತುಣುಕುಗಳಿಂದ ಮಾಡಿಸುವ ಅವರ ಅಭ್ಯಾಸ, ಕ್ರಿಯಾಪದವೇ ಇಲ್ಲದೆ ಪೂರ್ಣವಾಗುವ ನಮ್ಮ ವಾಕ್ಯ, ಇವೆಲ್ಲ ಸ್ವಲ್ಪ ದಿನಗಳ ಬಳಕೆಯಿಂದ ಹದಕ್ಕೆ ಬರುತ್ತವೆ. ಕಡೆಯವರೆಗೂ ಕಾಡುವುದು ನಾಮಪದದ ಮುಂಚೆ ಬರುವ ಎ, ಆ್ಯನ್, ದ ಎಂಬ ಆರ್ಟಿಕಲ್. ದಶಕಗಳ ಕಾಲ ಇಂಗ್ಲಿಷು ಪಾಠ ಹೇಳಿದವರೂ ಅದರಲ್ಲಿ ತಪ್ಪುವುದನ್ನು ಕಂಡು, ಇದು ಆಂಗ್ಲರು ಪರಕೀಯರನ್ನು ಗುರುತಿಸುವುದಕ್ಕಾಗಿಯೇ ಇಟ್ಟುಕೊಂಡ ಸುಂಕದ ಕಟ್ಟೆಯೆಂದು ಹಾಸ್ಯ ಮಾಡುವವರುಂಟು. ಆದರೆ ಇದರಲ್ಲಿ ಅಡಗಿರುವ ಪ್ರಶ್ನೆಯು ನಮಗೆ ಹೊಸದೇನೂ ಅಲ್ಲ. ಹಸು ಎಂಬ ಶಬ್ದವು ಸೂಚಿಸುವುದು ಈ ಎದುರಿನ ವ್ಯಕ್ತಿಯನ್ನೋ, ಎಲ್ಲ ಹಸುಗಳಲ್ಲಿಯೂ ಇರುವ ಜಾತಿಯನ್ನೋ, ಆಕೃತಿಯನ್ನೋ ಎಂದು ನ್ಯಾಯಸೂತ್ರಗಳು ಕೇಳಿದವು. ದ್ರವ್ಯವೆಂದು ವ್ಯಾಡಿಯೂ ಆಕೃತಿಯೆಂದು ವಾಜಪ್ಯಾಯನನೂ ಹೇಳಿದರು. ಜಾತಿಯೇ ಎಂದು ಮೀಮಾಂಸಕರು ಪಟ್ಟು ಹಿಡಿದರು. ನಮ್ಮ ಪೂರ್ವಿಕರು ದರ್ಶನಗ್ರಂಥಗಳಲ್ಲಿ ಇಟ್ಟ ಈ ಪ್ರಶ್ನೆಯನ್ನು ಇಂಗ್ಲಿಷು ತನ್ನ ಪ್ರತಿಯೊಂದು ನಾಮಪದದ ಮುಂಚೆಯೂ ಇಟ್ಟು, ಉತ್ತರವನ್ನು ಹೇಳಿಯೇ ಮುಂದಕ್ಕೆ ಹೋಗೆಂದು ತಡೆಯುತ್ತದೆ. ಕನ್ನಡದಲ್ಲಿಯೂ ಈ ವಿವೇಕವು ಇಲ್ಲದಿಲ್ಲ. ಪುಸ್ತಕ ತಂದ ಎನ್ನುವುದಕ್ಕೂ ಪುಸ್ತಕವನ್ನು ತಂದ ಎನ್ನುವುದಕ್ಕೂ ಇರುವ ಅಂತರವನ್ನು ಗಮನಿಸಿದರೆ, ಯಾವುದೋ ಒಂದು ಪುಸ್ತಕವೆಂಬುದನ್ನೂ ಇಬ್ಬರಿಗೂ ಗೊತ್ತಿರುವ ಪುಸ್ತಕವೆಂಬುದನ್ನೂ ನಮ್ಮ ದ್ವಿತೀಯಾವಿಭಕ್ತಿಯು ಎಷ್ಟೋ ಸಲ ಮೌನವಾಗಿ ಬೇರ್ಪಡಿಸುತ್ತಿರುವುದು ಕಾಣುತ್ತದೆ.

ಕಂಪ್ಲಿಯ ಬತ್ತದ ಗದ್ದೆಗಳ ನೀರಿನ ಬಳಕೆಯ ಮೇಲೆ ವಿದ್ಯಾರ್ಥಿಯೊಬ್ಬನು ಪ್ರಬಂಧವನ್ನು ಬರೆಯುತ್ತಾನೆನ್ನೋಣ. ರೈತರು ನೀರನ್ನು ಹೆಚ್ಚಾಗಿ ಹಾಯಿಸುತ್ತಾರೆ ಎಂದು ಅವನು ಬರೆಯುವಾಗ ಇಂಗ್ಲಿಷು ಅವನನ್ನು ನಿಲ್ಲಿಸಿ ಕೇಳುತ್ತದೆ: ಯಾವ ರೈತರು? ಲೋಕದ ರೈತಜಾತಿಯೋ, ಕಂಪ್ಲಿಯ ರೈತರೆಲ್ಲರೋ, ನೀನು ಕಾಲುವೆಯ ಮೇಲೆ ಕಂಡು ಮಾತನಾಡಿಸಿದ ಕೆಲವರೋ, ಒಬ್ಬನೋ? ಒಂದು ದ ಸೇರಿದರೆ ಒಂದರ್ಥ, ಬಿಟ್ಟರೆ ಇನ್ನೊಂದರ್ಥ. ಇದು ಶೈಲಿಯ ಅಲಂಕಾರವಲ್ಲ. ಕೆಲವರನ್ನು ಕೇಳಿ ಎಲ್ಲರ ಮೇಲೆ ತೀರ್ಪು ಕೊಟ್ಟನೇ ಎಂಬ ಸತ್ಯಾಸತ್ಯದ ಪ್ರಶ್ನೆ. ಈಚೆಗೆ ಕೆಂಪು ಗೆರೆಗಳನ್ನು ಕ್ಷಣಮಾತ್ರದಲ್ಲಿ ಅಳಿಸಿಕೊಡುವ ಯಂತ್ರಗಳು ಬಂದಿವೆ, ಅವು ಹತ್ತರಲ್ಲಿ ಒಂಬತ್ತು ಕಡೆ ಸರಿಯಾಗಿಯೇ ತಿದ್ದಬಹುದು. ಆದರೆ ಗದ್ದೆಯ ಬದುವಿನ ಮೇಲೆ ನಿಂತು ಎಷ್ಟು ಜನರನ್ನು ಮಾತನಾಡಿಸಿದೆನೆಂಬುದು ಹೋದವನಿಗೆ ಮಾತ್ರ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ನಿಯಮಗಳ ಪಟ್ಟಿಯನ್ನು ಬಾಯಿಪಾಠ ಮಾಡಿ ಆರ್ಟಿಕಲ್ಲನ್ನು ಗೆಲ್ಲಲಾರದವನು, ನಾನು ಯಾವುದನ್ನು ಕಂಡು ಈ ಮಾತನ್ನು ಆಡುತ್ತಿದ್ದೇನೆ ಎಂದು ಪ್ರತಿಯೊಂದು ನಾಮಪದದ ಎದುರಿಗೂ ನಿಂತು ಕೇಳಿಕೊಂಡರೆ ಬಹುಮಟ್ಟಿಗೆ ಗೆಲ್ಲುತ್ತಾನೆ.

ನಾಮಪದದಲ್ಲಿ ಹೀಗಾದರೆ ಕ್ರಿಯಾಪದದಲ್ಲಿ ವಿಷಯವು ಇನ್ನೂ ಸ್ವಾರಸ್ಯವಾಗಿದೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಇಲ್ಲಿಗೆ ಬಂದ ಪೋರ್ಚುಗೀಸನಾದ ದೊಮಿಂಗೊ ಪಾಯೆಸನು ಇಂದಿನ ಹೊಸಪೇಟೆಯ ಸ್ಥಳದಲ್ಲಿ ಅರಸನು ಕಟ್ಟಿಸಿದ ಹೊಸ ಪಟ್ಟಣವನ್ನೂ, ಅಲ್ಲಿಂದ ರಾಜಧಾನಿಗೆ ಹೋಗುವ ದಾರಿಯನ್ನೂ ವರ್ಣಿಸಿದ್ದಾನೆ. ಮಲಪನಗುಡಿಯು ಆ ಎರಡರ ನಡುವೆ ಇರುವ ಊರು. ಈಗ ಕನ್ನಡದ ಸೌಲಭ್ಯವನ್ನು ನೋಡಿ. ಪಾಯೆಸನು ಈ ಊರಿನ ಮೇಲೆ ಹೋದನು ಎಂದರೆ ನಾನು ಅದನ್ನು ಖಚಿತವಾಗಿ ಬಲ್ಲವನಂತೆ ಆಡಿದೆ; ಹೋದನಂತೆ ಎಂದರೆ ಯಾರೋ ಹೇಳಿದ್ದನ್ನು ದಾಟಿಸಿದೆ; ಹೋಗಿರಬೇಕು ಎಂದರೆ ದಾರಿಯ ಸ್ಥಿತಿಯನ್ನು ನೋಡಿ ಊಹಿಸಿದೆ; ಹೋಗಿದ್ದಾನು ಎಂದರೆ ಸಾಧ್ಯತೆಯನ್ನಷ್ಟೇ ತೆರೆದಿಟ್ಟೆ. ಪ್ರತ್ಯಕ್ಷ, ಶಬ್ದ, ಅನುಮಾನ, ಸಂಭಾವನೆ ಎಂಬ ಭೇದಗಳನ್ನು ದಾರ್ಶನಿಕರು ಗ್ರಂಥಗಳಲ್ಲಿ ವಿಂಗಡಿಸುವ ಮೊದಲೇ ನಮ್ಮ ಕ್ರಿಯಾಪದದ ಬಾಲವು ವಿಂಗಡಿಸಿ ಕುಳಿತಿದೆ, ಮತ್ತು ಅಕ್ಷರವನ್ನೇ ಕಲಿಯದ ಮುದುಕಿಯೂ ಪಕ್ಕದ ಮನೆಯ ಮದುವೆ ನಿಶ್ಚಯವಾಯಿತಂತೆ ಎನ್ನುವಾಗ ಆ ಅಂತೆಯನ್ನು ಮರೆಯುವುದಿಲ್ಲ.

ಇಷ್ಟು ಪ್ರಾಮಾಣಿಕವಾದ ವ್ಯಾಕರಣವನ್ನು ತಾಯಿಯ ಹಾಲಿನೊಡನೆ ಕುಡಿದ ನಮ್ಮ ಹುಡುಗನು ಇಂಗ್ಲಿಷಿನಲ್ಲಿ ಬರೆಯತೊಡಗಿದಾಗ, ಇಡೀ ಪುಟವು ಮುಚ್ಚಳಿಕೆಯಂತೆ ಖಂಡಿತವಾದ ವಾಕ್ಯಗಳಿಂದ ತುಂಬಿಹೋಗುತ್ತದೆ. ಭಾರತೀಯ ಸಂಸ್ಕೃತಿಯು ಲೋಕದಲ್ಲೆಲ್ಲ ಅತ್ಯಂತ ಪ್ರಾಚೀನವಾದುದು, ಆಧುನಿಕತೆಯು ಕುಟುಂಬವನ್ನು ಒಡೆದಿದೆ, ಎಲ್ಲರೂ ಬಲ್ಲಂತೆ ಇದು ಹೀಗಿದೆ. ಅಧ್ಯಾಪಕನು ಅಂಚಿನಲ್ಲಿ ಯಾರು ಹೇಳಿದರು, ಆಧಾರವೇನು ಎಂದು ಬರೆಯುತ್ತಾನೆ. ಹುಡುಗನು ಅದನ್ನು ಅವಮಾನವೆಂದು ತಿಳಿಯುತ್ತಾನೆ. ಅಧ್ಯಾಪಕನು ಈತನಿಗೆ ವಿಚಾರದ ಶಿಸ್ತಿಲ್ಲವೆಂದು ತಿಳಿಯುತ್ತಾನೆ. ಇಬ್ಬರದೂ ತಪ್ಪು ತಿಳಿವಳಿಕೆ. ಹುಡುಗನ ಪ್ರಾಮಾಣಿಕತೆಯು ಎಲ್ಲಿಯೂ ಹೋಗಿಲ್ಲ, ಅದು ಕನ್ನಡದ ಕ್ರಿಯಾಪದದ ತುದಿಯಲ್ಲಿ ಉಳಿದುಹೋಗಿದೆ. ಅಂತೆಯ ಕೆಲಸವನ್ನು ಇಂಗ್ಲಿಷು ಅಡಿಟಿಪ್ಪಣಿಯಿಂದಲೂ ಆಕರದ ಉಲ್ಲೇಖದಿಂದಲೂ, ಇರಬೇಕು ಎಂಬುದರ ಕೆಲಸವನ್ನು ಮಸ್ಟ್ ಹ್ಯಾವ್ ಎಂಬುದರಿಂದಲೂ, ಬಂದಾನು ಹೋದಾನುಗಳ ಕೆಲಸವನ್ನು ಮೇ, ಮೈಟ್, ಪರ್‌ಹ್ಯಾಪ್ಸ್ ಎಂಬ ಸಣ್ಣ ಮಾತುಗಳಿಂದಲೂ ಮಾಡಿಸುತ್ತದೆ. ಇದನ್ನು ಯಾರೂ ಅವನಿಗೆ ತೋರಿಸಿಕೊಡದ ಕಾರಣ, ಉಲ್ಲೇಖವೆಂಬುದು ಹೊರಗಿನಿಂದ ಹೇರಿದ ಕಟ್ಟಳೆಯೆಂದು ಭಾವಿಸಿ, ಕಳ್ಳನಂತೆ ಹೆದರಿಕೊಂಡೇ ಅದನ್ನು ಪಾಲಿಸುತ್ತಾನೆ.

ಆ ಪಾಯೆಸನೇ ಈ ವಿಷಯದಲ್ಲಿ ಒಳ್ಳೆಯ ಗುರುವಾಗಬಲ್ಲನು. ವಿಜಯನಗರದ ವಿಸ್ತಾರವೆಷ್ಟೆಂದು ಹೇಳಬೇಕಾಗಿ ಬಂದಾಗ ಅವನು, ನಗರವನ್ನು ಯಾವ ಒಂದು ಸ್ಥಳದಿಂದಲೂ ಇಡಿಯಾಗಿ ಕಾಣಲಾಗದಾದ್ದರಿಂದ ಅದರ ಅಳತೆಯನ್ನು ಬರೆಯುವುದಿಲ್ಲವೆಂದೂ, ತಾನು ಒಂದು ಬೆಟ್ಟವನ್ನು ಹತ್ತಿ ಬಹುಭಾಗವನ್ನು ನೋಡಿದೆನೆಂದೂ, ಸುತ್ತಲಿನ ಬೆಟ್ಟಗಳ ಸಾಲುಗಳಿಂದ ಉಳಿದುದು ಕಾಣಲಿಲ್ಲವೆಂದೂ, ಅಲ್ಲಿಂದ ಕಂಡಷ್ಟು ತನಗೆ ರೋಮಿನಷ್ಟು ದೊಡ್ಡದಾಗಿ ತೋರಿತೆಂದೂ ಹೇಳುತ್ತಾನೆ. ಎಲ್ಲಿ ನಿಂತೆ, ಎಷ್ಟು ಕಂಡೆ, ಎಷ್ಟು ಕಾಣಲಿಲ್ಲ, ಏಕೆ ಕಾಣಲಿಲ್ಲ, ಕಂಡದ್ದು ನನಗೆ ಹೇಗೆ ತೋರಿತು! ಶಾಸ್ತ್ರೀಯ ಬರವಣಿಗೆಯ ಮೇಲೆ ಬಂದಿರುವ ದಪ್ಪ ದಪ್ಪ ಕೈಪಿಡಿಗಳು ಬೋಧಿಸಲು ಹೆಣಗುವುದೆಲ್ಲವೂ ಈ ಪ್ರವಾಸಿಯ ಒಂದು ಮಾತಿನಲ್ಲಿದೆ. ಅವನ ಪೋರ್ಚುಗೀಸು ವ್ಯಾಕರಣಶುದ್ಧವಾಗಿತ್ತೇ ಎಂದು ಯಾರೂ ಕೇಳುವುದಿಲ್ಲ.

ಪೌರಸ್ತ್ಯರ ವಿಚಾರಸರಣಿಯೇ ವಕ್ರವಾದುದೆಂಬ ಒಂದು ಅಪವಾದವಿದೆ. ಅಮೆರಿಕದ ರಾಬರ್ಟ್ ಕಪ್ಲಾನನು 1966ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಪರದೇಶದ ವಿದ್ಯಾರ್ಥಿಗಳ ಇಂಗ್ಲಿಷು ಬರಹಗಳನ್ನು ಪರಿಶೀಲಿಸಿ, ಆಂಗ್ಲರ ವಿಚಾರವನ್ನು ನೆಟ್ಟನೆಯ ಗೆರೆಯಾಗಿಯೂ ಪೌರಸ್ತ್ಯರದನ್ನು ಸುತ್ತಿ ಸುತ್ತಿ ಒಳಗೆ ಹೋಗುವ ಸುರುಳಿಯಾಗಿಯೂ ಚಿತ್ರ ಬರೆದು ತೋರಿಸಿದನು. ಅವನ ಗಮನವು ಮುಖ್ಯವಾಗಿ ಚೀನಾ ಕೊರಿಯಾಗಳ ಬರಹಗಾರರ ಮೇಲಿತ್ತು, ತನ್ನ ಮಾತನ್ನು ಮುಂದೆ ತಾನೇ ಸಡಿಲಗೊಳಿಸಿದನು, ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೂ ಆ ಸುರುಳಿಯ ಚಿತ್ರವು ಶಿಕ್ಷಕರ ಮನಸ್ಸಿನಲ್ಲಿ ಇನ್ನೂ ಉಳಿದಿದೆ. ವೇದಾಂತದ ಒಂದೇ ಒಂದು ಅಧಿಕರಣವನ್ನು ಓದಿದವನು ಇದಕ್ಕೆ ನಗಬೇಕಾದೀತು. ವಿಷಯವಿದು, ಅದರಲ್ಲಿ ಸಂಶಯವಿದು, ಪೂರ್ವಪಕ್ಷವಿದು, ಸಿದ್ಧಾಂತವಿದು, ಹಿಂದುಮುಂದಿನೊಡನೆ ಇದರ ಸಂಗತಿಯಿದು ಎಂಬ ಪಂಚಾಂಗಕ್ರಮಕ್ಕಿಂತ ನೇರವಾದ ಗೆರೆಯನ್ನು ಯಾವ ಆಂಗ್ಲನೂ ಎಳೆದಿಲ್ಲ.

ಮಲಪನಗುಡಿಗೆ ಕೂಗಳತೆಯೆನ್ನಬಹುದಾದ ಹಂಪಿಯಲ್ಲಿದ್ದು, ಆನೆಗೊಂದಿಯ ನವವೃಂದಾವನದಲ್ಲಿ ನೆಲೆಗೊಂಡ ವ್ಯಾಸರಾಯರು ನ್ಯಾಯಾಮೃತದಲ್ಲಿ ಅದ್ವೈತಿಗಳ ವಾದವನ್ನು ಖಂಡಿಸಿದ್ದೇನೋ ಸರಿ. ಖಂಡಿಸುವ ಮುನ್ನ ಅವರ ಲಕ್ಷಣವಾಕ್ಯಗಳನ್ನು ಒಂದೊಂದಾಗಿ ತಂದು ನಿಲ್ಲಿಸಿದ ಬಗೆಯನ್ನು ನೋಡಬೇಕು. ಎದುರಾಳಿಯ ವಾದವು ದುರ್ಬಲವಾದ ರೂಪದಲ್ಲಿ ಅಲ್ಲಿ ಬರುವುದಿಲ್ಲ. ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯನ್ನು ಬರೆದು ಉತ್ತರ ಕೊಟ್ಟಾಗ, ಅವರೂ ವ್ಯಾಸರಾಯರ ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಂಡೇ ಮುಂದುವರಿದರು. ಮತ್ತೆ ವ್ಯಾಸರಾಮಾಚಾರ್ಯರು ತರಂಗಿಣಿಯಲ್ಲಿ ಅದಕ್ಕೆ ಪ್ರತ್ಯುತ್ತರವಿತ್ತರು. ಸರ್ವದರ್ಶನಸಂಗ್ರಹದ ಕರ್ತೃವಂತೂ ತನಗೆ ಸಮ್ಮತವಲ್ಲದ ಚಾರ್ವಾಕನನ್ನು ಚಾರ್ವಾಕನೇ ನಿಂತು ಮಾತನಾಡುತ್ತಿರುವಂತೆ ಬರೆದನು, ಇವೊತ್ತು ಆ ಮತದ ಬಗ್ಗೆ ನಮಗಿರುವ ತಿಳಿವಳಿಕೆಯ ಬಹುಭಾಗವು ಅವನ ವಿರೋಧಿಯ ಆ ಔದಾರ್ಯದಿಂದ ಬಂದದ್ದು. ಅನ್ಯರ ಮಾತನ್ನು ಅನ್ಯರದೆಂದೇ ಹೇಳಿ, ತಿರುಚದೆ ಹೇಳಿ, ಆಮೇಲೆ ತನ್ನದನ್ನು ಹೇಳುವುದು: ಪಾಶ್ಚಾತ್ಯ ವಿಶ್ವವಿದ್ಯಾನಿಲಯಗಳು ಕೃತಿಚೌರ್ಯದ ನಿಯಮಗಳಲ್ಲಿ ಕೇಳುವುದು ಇದಕ್ಕಿಂತ ಹೆಚ್ಚೇನೂ ಅಲ್ಲ. ನಮ್ಮವರಲ್ಲಿ ಎಲ್ಲರೂ ಇಂಥ ಸತ್ಪುರುಷರೇ ಆಗಿದ್ದರೆಂದು ನಾನು ಹೇಳುತ್ತಿಲ್ಲ. ಹಾಗಿದ್ದಿದ್ದರೆ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಕವಿಗಳ ಅಪಹರಣದ ಬಗೆಗಳನ್ನು ಅಧ್ಯಾಯಗಟ್ಟಲೆ ವಿಂಗಡಿಸುವ ಪ್ರಮೇಯವೇ ಬರುತ್ತಿರಲಿಲ್ಲ. ಸಾಯಣಾಚಾರ್ಯರೋ ತಾವು ಬರೆದ ಧಾತುವೃತ್ತಿಗೆ ಅಣ್ಣನ ಹೆಸರನ್ನಿಟ್ಟು ಮಾಧವೀಯವೆಂದು ಕರೆದರು; ಇಂದಿನ ಪರೀಕ್ಷಾಮಂಡಳಿಯು ಇದನ್ನು ಯಾವ ನಿಯಮದ ಕೆಳಗೆ ತರುತ್ತಿತ್ತೋ ಕಾಣೆ.

ಇನ್ನು ಕಲಿಸುವ ಬಗೆ. ಗಡಿಗೆ ಬೇಕಾದವನು ಕುಂಬಾರನ ಮನೆಗೆ ಹೋಗುತ್ತಾನೆ, ಶಬ್ದ ಬೇಕಾದವನು ವೈಯಾಕರಣನ ಮನೆಗೆ ಹೋಗುವುದಿಲ್ಲ ಎಂದು ಪತಂಜಲಿಯು ಹೇಳಿದ ಮಾತು ಈ ಕಾಲದಲ್ಲಿ ಸುಳ್ಳಾಗಿದೆ. ಪೇಟೆ ಪೇಟೆಯಲ್ಲಿಯೂ ಐಇಎಲ್‌ಟಿಎಸ್ ಕೋಚಿಂಗಿನ ಬೋರ್ಡುಗಳು ತೂಗುತ್ತಿವೆ, ಸಿದ್ಧವಾದ ವಾಕ್ಯಗಳನ್ನು ಕೊಂಡು ತರುವವರ ಸಾಲೂ ಇದೆ. ಬೃಹಸ್ಪತಿಯು ಇಂದ್ರನಿಗೆ ಒಂದೊಂದೇ ಶಬ್ದವನ್ನು ಉಚ್ಚರಿಸಿ ಕಲಿಸುತ್ತ ಸಾವಿರ ದಿವ್ಯವರ್ಷಗಳು ಕಳೆದರೂ ಶಬ್ದಗಳ ಕೊನೆಯನ್ನು ಕಾಣಲಿಲ್ಲವೆಂಬ ಕಥೆಯನ್ನು ಹೇಳಿದವನೂ ಪತಂಜಲಿಯೇ. ಮಾದರಿ ಪ್ರಬಂಧಗಳನ್ನು ಉರು ಹೊಡೆಯುವ ಮಕ್ಕಳು ಆ ದೇವೇಂದ್ರನ ಮಾರ್ಗವನ್ನೇ ಹಿಡಿದಿದ್ದಾರೆ, ವೀಸಾದ ಅವಧಿಯಾದರೋ ಅಷ್ಟು ದೀರ್ಘವಾದುದಲ್ಲ. ಅದೇ ಪರೀಕ್ಷೆಯು ಬರವಣಿಗೆಗೆ ಇಟ್ಟಿರುವ ನಾಲ್ಕು ಮಾನದಂಡಗಳಲ್ಲಿ ವ್ಯಾಕರಣವು ಒಂದು ಮಾತ್ರ, ತೂಕವು ನಾಲ್ಕಕ್ಕೂ ಸಮ. ಕೇಳಿದ್ದಕ್ಕೆ ಉತ್ತರ ಕೊಟ್ಟಿತೇ, ವಿಚಾರವು ಒಂದಕ್ಕೊಂದು ಹೆಣೆದುಕೊಂಡಿತೇ, ಪದಸಂಪತ್ತು ತಕ್ಕುದಾಗಿದೆಯೇ ಎಂಬವು ಉಳಿದ ಮುಕ್ಕಾಲು ಭಾಗ. ಆ ಮುಕ್ಕಾಲನ್ನು ಬಿಟ್ಟು ಕಾಲಿಗೇ ಹೆದರಿ ಕುಳಿತುಕೊಳ್ಳುವುದು ವಿವೇಕವಲ್ಲ.

ಬೆಂಗಳೂರಿನ ಇಂಗ್ಲಿಷಿನ ಪ್ರಾದೇಶಿಕ ಸಂಸ್ಥೆಯ ಆಶ್ರಯದಲ್ಲಿ 1979ರಿಂದ ಐದು ವರ್ಷ ಎನ್. ಎಸ್. ಪ್ರಭು ಎಂಬವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗವು, ಬೆಂಗಳೂರು ಪ್ರಾಜೆಕ್ಟ್ ಎಂಬ ಹೆಸರಿನಿಂದ, ಲೋಕದ ಭಾಷಾಶಿಕ್ಷಕರಿಗೆಲ್ಲ ಪರಿಚಿತವಾಗಿದೆ. ವ್ಯಾಕರಣದ ಪಾಠವನ್ನೇ ಹೇಳದೆ, ರೈಲಿನ ವೇಳಾಪಟ್ಟಿಯನ್ನು ಓದುವುದು, ನಕ್ಷೆಯಲ್ಲಿ ದಾರಿಯನ್ನು ಹುಡುಕುವುದು ಮೊದಲಾದ ಕೆಲಸಗಳನ್ನು ಕೊಟ್ಟು, ಮನಸ್ಸು ಅರ್ಥದಲ್ಲಿ ನೆಟ್ಟಿರುವಾಗ ರೂಪವು ತಾನಾಗಿ ಒಲಿಯುತ್ತದೆಂದು ಅವರು ಪ್ರತಿಪಾದಿಸಿದರು. ಫಲವನ್ನು ನೇರವಾಗಿ ಬಯಸದೆ ಕರ್ಮದಲ್ಲಿ ತೊಡಗಿದವನಿಗೆ ಫಲವು ದೊರೆಯುವುದೆಂಬ ಗೀತಾನ್ಯಾಯವನ್ನು ಇದರಲ್ಲಿ ಕಾಣಬಹುದು, ಆದರೆ ಆ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಆ ಪ್ರಯೋಗದ ಫಲವೇ ನಿರ್ವಿವಾದವಾಗಿರಲಿಲ್ಲ. ಕೆಂಪು ಗೆರೆಯ ಬಗ್ಗೆಯೂ ವಿವಾದವುಂಟು. ಬರವಣಿಗೆಯ ತರಗತಿಯಲ್ಲಿ ವ್ಯಾಕರಣವನ್ನು ತಿದ್ದುವುದು ನಿಷ್ಪ್ರಯೋಜಕ, ಅಷ್ಟೇ ಅಲ್ಲ, ಹಾನಿಕರ ಎಂದು ಜಾನ್ ಟ್ರಸ್ಕಾಟನು 1996ರಲ್ಲಿ ವಾದಿಸಿದನು. ಹಾಗೆ ಸಾರಾಸಗಟಾಗಿ ಹೇಳಲಾಗದೆಂದು ಡೇನಾ ಫೆರಿಸ್ ಎಂಬ ವಿದುಷಿ 1999ರಲ್ಲಿ ಉತ್ತರ ಕೊಟ್ಟಳು. ನನಗೆ ಕಂಡಂತೆ, ತಿದ್ದುವುದು ಬೇಕು, ಎಲ್ಲವನ್ನೂ ತಿದ್ದುವುದು ಬೇಡ. ಅಸತ್ಯಕ್ಕೆ ಎಡೆ ಕೊಡುವ ತಪ್ಪನ್ನು, ಸಂದೇಹವನ್ನು ಹುಟ್ಟಿಸುವ ತಪ್ಪನ್ನು, ತಿದ್ದಿ ಕಾರಣವನ್ನು ಹೇಳಬೇಕು. ಉಳಿದುದನ್ನು ಕಾಲಕ್ಕೆ ಬಿಡಬಹುದು. ಸಾರಥಿಯನ್ನು ಸೂತ್ರಕ್ಕೆ ಒಪ್ಪುವ ಶಬ್ದದಿಂದ ಕರೆದ ವೈಯಾಕರಣನಿಗೆ, ಸೂತ್ರವು ಎಲ್ಲಿ ಹತ್ತುತ್ತದೆಂಬುದನ್ನು ನೀನು ಬಲ್ಲೆ, ಲೋಕಕ್ಕೆ ಯಾವುದು ಇಷ್ಟವೆಂಬುದನ್ನು ಅರಿಯೆ ಎಂದು ಆ ಸಾರಥಿಯೇ ಬುದ್ಧಿ ಹೇಳಿದ ಪ್ರಸಂಗವನ್ನು ಮಹಾಭಾಷ್ಯವು ಸಂಕೋಚವಿಲ್ಲದೆ ದಾಖಲಿಸಿದೆ. ಕೆಂಪು ಪೆನ್ನನ್ನು ಹಿಡಿದವರು ಇದನ್ನು ಆಗಾಗ ಓದುವುದು ಒಳ್ಳೆಯದು.

ಪರಭಾಷೆಯ ಅಪಶಬ್ದವು ಪಾಪವೇ ಎಂದರೆ, ಅಲ್ಲ. ಅಜ್ಞಾನದ ಗುರುತೇ ಎಂದರೆ, ಅದೂ ಅಲ್ಲ. ಕಾಣದುದನ್ನು ಕಂಡಂತೆ, ಕೇಳಿದ್ದನ್ನು ಬಲ್ಲಂತೆ, ಕೆಲವನ್ನು ಎಲ್ಲವೆಂಬಂತೆ, ಪರರದನ್ನು ತನ್ನದೆಂಬಂತೆ ನಿಲ್ಲಿಸುವ ವಾಕ್ಯವು, ಅದರ ಆರ್ಟಿಕಲ್ಲುಗಳೆಲ್ಲ ಸರಿಯಾಗಿದ್ದರೂ, ದೋಷಯುಕ್ತವಾದುದು. ಅದನ್ನು ಬರೆದವನು ಆಕ್ಸ್‌ಫರ್ಡಿನಲ್ಲಿಯೇ ಹುಟ್ಟಿದವನಾದರೂ ತಿದ್ದಿಕೊಳ್ಳತಕ್ಕುದು.

ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ಹೋಗಿ 1963ರಲ್ಲಿ ಡಾಕ್ಟರೇಟು ಪಡೆದದ್ದು ಕನ್ನಡದ ವ್ಯಾಕರಣದ ಮೇಲೆ ಇಂಗ್ಲಿಷಿನಲ್ಲಿ ಬರೆದ ಪ್ರಬಂಧಕ್ಕೆ. ಅವರ ದಾರಿ ಎಲ್ಲರಿಗೂ ಸುಲಭವಲ್ಲ. ಹೊರಡುವ ಸಿದ್ಧತೆಯಲ್ಲಿರುವ ಹೊಸಪೇಟೆ, ಸಂಡೂರು, ಕಂಪ್ಲಿಗಳ ವಿದ್ಯಾರ್ಥಿಗಳಿಗೆ ನಾನು ಸೂಚಿಸುವುದು ಇನ್ನೊಬ್ಬರನ್ನು. ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ಎಂ. ಹಿರಿಯಣ್ಣನವರು ತಮ್ಮ ಉಪನ್ಯಾಸಗಳನ್ನೇ ತಿದ್ದಿ ತೀಡಿ 1932ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ ಎಂಬ ಗ್ರಂಥದಲ್ಲಿ ಹೆಚ್ಚಿನ ಮಾತು ಒಂದೂ ಇಲ್ಲ. ಯಾವ ಮತವನ್ನು ಹೇಳಿದರೂ ಇದು ಅವರ ಅಭಿಪ್ರಾಯ, ಇದು ಸಂಭವನೀಯವಾದ ಅರ್ಥ, ಇದು ನನ್ನ ಊಹೆ ಎಂಬ ಎಲ್ಲೆಗಳು ಅಲ್ಲಿ ಎಲ್ಲಿಯೂ ಅಳಿಸಿಹೋಗಿಲ್ಲ. ಪುಸ್ತಕವು ಈಗಲೂ ಅಚ್ಚಾಗುತ್ತಿದೆ. ಕೋಚಿಂಗಿಗೆ ಹಣ ಕಟ್ಟುವ ಮೊದಲು ಅದರಲ್ಲಿ ನ್ಯಾಯವೈಶೇಷಿಕದ ಅಧ್ಯಾಯವೊಂದನ್ನು ಎದುರಿಗಿಟ್ಟುಕೊಂಡು, ಪ್ರತಿಯೊಂದು ವಾಕ್ಯವನ್ನೂ ಕನ್ನಡದಲ್ಲಿ ಹೇಳಿ ನೋಡಿರಿ. ಎಲ್ಲಿ ಅಂತೆ ಬೇಕಾಯಿತು, ಎಲ್ಲಿ ಇರಬೇಕು ಬೇಕಾಯಿತು ಎಂಬುದನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳಿರಿ.